ಬ್ಲೋವರ್ ಬೇಡವೆಂದ ವರ್ಲೀನ್

ಬೆಳಗಿನ ಐದೂಕಾಲು ಗಂಟೆ. ಕಾರು ಕಾರ್ಖಾನೆಗಳ ಪಾಂಟಿಯಾಕ್ ಊರಿನ ರೈಲು ಹಳಿಯ ಪಕ್ಕದ ಹಾಲ್ಬರ್ಟ್ ಎಂಜಿನ್ ಶಾಪಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಒಂದೇ ದೀಪ. ಅದರ ಕೆಳಗೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ ಎಂಜಿನ್ ಬ್ಲಾಕಿನ ಮುಂದೆ ವರ್ಲೀನ್ ಸ್ಟ್ಯಾಂಪರ್ ಬಾಗಿ ನಿಂತಿದ್ದಾರೆ. ಎಂಟು ಸಿಲಿಂಡರು, ಎಂಟು ಪುಟ್ಟ ಬಾವಿ ಇದ್ದ ಹಾಗೆ. ಮೊದಲನೆಯದರೊಳಕ್ಕೆ ತೋರುಬೆರಳು ಇಳಿಸಿ, ಕಣ್ಣು ಮುಚ್ಚಿ, ಗೋಡೆಯನ್ನು ಒಂದು ಸುತ್ತು ಸವರುತ್ತಾರೆ. ಪಾತ್ರೆ ತೊಳೆದ ಮೇಲೆ ಜಿಡ್ಡು ಹೋಯಿತೋ ಇಲ್ಲವೋ ಎಂದು ಬೆರಳಾಡಿಸಿ ನೋಡುತ್ತೇವಲ್ಲ, ಹಾಗೆ. ಆಮೇಲೆ ಗಡಿಯಾರದ ಮುಖವಿರುವ ಅಳತೆಯ ಗೇಜನ್ನು ಇಳಿಸಿ, ಮುಳ್ಳು ನಿಂತದ್ದನ್ನು ನೋಡಿ, ಒಂದು ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾರೆ.

"ಬೆರಳು ಮೊದಲು, ಗೇಜು ಆಮೇಲೆ," ಎನ್ನುತ್ತಾರೆ ನನ್ನ ಕಡೆ ತಿರುಗದೆಯೇ. "ಬೆರಳಿಗೆ ಅನುಮಾನ ಬಂದ ಕಡೆ ಗೇಜು ಎರಡು ಸಲ ಇಳಿಸ್ತೀನಿ. ಬಿಸಿಲು ಏರಿದ್ರೆ ಕಬ್ಬಿಣ ಹಿಗ್ಗುತ್ತೆ ಕಂದಾ. ಇಡೀ ರಾತ್ರಿ ತಣ್ಣಗೆ ಕೂತಿರುತ್ತಲ್ಲ, ಆಗ ಕೇಳಿದ್ರೆ ನಿಜ ಹೇಳುತ್ತೆ."

ವರ್ಲೀನ್‌ಗೆ ಈಗ ಎಪ್ಪತ್ತೆರಡು. ಈ ಶಾಪಿನಲ್ಲಿ ಅವರಿಗೆ ಐವತ್ತು ವರ್ಷ ತುಂಬಲು ಇನ್ನು ಒಂದೇ ವರ್ಷ ಬಾಕಿ. ಹಳೆಯ ಎಂಜಿನ್‌ಗಳ ಸವೆದ ಸಿಲಿಂಡರುಗಳನ್ನು ಕೊರೆದು, ಉಜ್ಜಿ, ಹೊಸ ಪಿಸ್ಟನ್ ಕೂರುವಂತೆ ಅಳತೆಗೆ ತರುವುದು ಕೆಲಸ. ಒಂದು ಬ್ಲಾಕಿಗೆ ನಲವತ್ತೆಂಟು ಕಡೆ ಅಳತೆ ತೆಗೆಯುತ್ತಾರೆ. ಕೊರೆಯುವ ಮೊದಲು ಒಮ್ಮೆ, ಕೊರೆದ ಮೇಲೆ ಒಮ್ಮೆ. ಒಂದು ಕೂದಲೆಳೆಯನ್ನು ಉದ್ದಕ್ಕೆ ಆರಾಗಿ ಸೀಳಿದರೆ ಸಿಗುವ ಒಂದು ಸೀಳಿನಷ್ಟು ಹೆಚ್ಚುಕಡಿಮೆಯಾದರೂ ಆ ಸಿಲಿಂಡರನ್ನು ಮತ್ತೆ ಮಷಿನ್ನಿಗೆ ಕಟ್ಟುತ್ತಾರೆ. ವಾರಕ್ಕೆ ಮೂರು ಬ್ಲಾಕು, ಕೆಲವೊಮ್ಮೆ ನಾಲ್ಕು. ಇದುವರೆಗೆ ಎಷ್ಟಾಗಿರಬಹುದು ಎಂದರೆ ಅವರು ಗೋಡೆಯತ್ತ ಕೈ ತೋರಿಸುತ್ತಾರೆ. ಅಲ್ಲಿ ಒಂಬತ್ತು ಡ್ರಾಯರುಗಳ ತುಂಬ ಕಾರ್ಡುಗಳಿವೆ. ಎಣಿಸಿದವರಿಲ್ಲ.

ಆಗಸ್ಟಿನ ಕಾರು ಮೆರವಣಿಗೆ ಬಂದರೆ ಊರಿನ ದೊಡ್ಡ ರಸ್ತೆ ವುಡ್‌ವರ್ಡ್ ಅವೆನ್ಯೂವಿನ ಇಕ್ಕೆಲದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುವ ನಾವೆಲ್ಲ ಸಾಲುಸಾಲಾಗಿ ಬರುವ ಹಳೆಯ ಕಾರುಗಳ ಬಣ್ಣ ನೋಡುತ್ತೇವೆ. ಯಾರಾದರೂ ಬಾನೆಟ್ ಎತ್ತಿ ನಿಲ್ಲಿಸಿದರೆ ಮಿರಮಿರ ಮಿಂಚುವ ಕ್ರೋಮು ನೋಡುತ್ತೇವೆ, ಮಾಲೀಕನ ಬೆನ್ನು ತಟ್ಟುತ್ತೇವೆ. ಸಿಲಿಂಡರಿನ ಗೋಡೆಯನ್ನು ಯಾರೂ ನೋಡುವುದಿಲ್ಲ. ನಾನು ಈ ಊರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದರೂ, ನನ್ನ ಪಿಕಪ್ಪಿನ ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್, ಸೀಳದೇ ಹೋಗಿದ್ದರೆ ವರ್ಲೀನ್ ಎಂಬವರು ಇದ್ದಾರೆಂದೇ ತಿಳಿಯುತ್ತಿರಲಿಲ್ಲ.

ಅವರ ತಂದೆ ಕೆಂಟಕಿಯ ಗುಡ್ಡಗಳಲ್ಲಿ ಕಲ್ಲಿದ್ದಲು ತೋಡುತ್ತಿದ್ದವರು. ಗಣಿ ಮುಚ್ಚಿದಾಗ ಹೆಂಡತಿ ಮಕ್ಕಳನ್ನು ಒಂದು ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ತುಂಬಿಕೊಂಡು ಇಲ್ಲಿಗೆ ಬಂದು ಎರಕದ ಕೆಲಸಕ್ಕೆ ಸೇರಿಕೊಂಡರು. ಆಗ ವರ್ಲೀನ್‌ಗೆ ಆರು ವರ್ಷ. ಮನೆ ದೊಡ್ಡ ರಸ್ತೆಗೆ ಹತ್ತಿರ. ಬೇಸಿಗೆಯ ಸಂಜೆ ಜಗಲಿಯ ಮೆಟ್ಟಿಲ ಮೇಲೆ ಕೂತರೆ ಹುಡುಗರು ಕಾರು ಓಡಿಸುವ ಸದ್ದೆಲ್ಲ ಅಲ್ಲಿಗೇ ಬರುತ್ತಿತ್ತು.

"ಅಪ್ಪ ರಸ್ತೆಗೆ ಬೆನ್ನು ಹಾಕಿ ಕೂರ್ತಿದ್ರು. 'ಈಗ ಹೋಗಿದ್ದು ಯಾವುದು, ಹೇಳು' ಅನ್ನೋರು. ನಾನೂ ಬೆನ್ನು ಹಾಕ್ಕೊಂಡು ಕೂತು ಹೇಳ್ತಿದ್ದೆ. ಹದಿನೈದು ವರ್ಷಕ್ಕೆ ಬರೋ ಹೊತ್ತಿಗೆ ಒಂದೂ ತಪ್ಪುತ್ತಿರಲಿಲ್ಲ. ಯಾರ ಮನೆ ಹುಡುಗ, ಯಾವ ಗೇರಲ್ಲಿದಾನೆ, ಎಲ್ಲ. ಅಮ್ಮ ಬೈಯ್ಯೋರು. 'ಹುಡುಗಿಗೆ ಕಲಿಸೋ ವಿದ್ಯೆ ನೋಡು' ಅಂತ." ವರ್ಲೀನ್ ನಗುತ್ತಾರೆ. "ಆ ಸದ್ದೆಲ್ಲ ಎಲ್ಲಿ ಹೋಯ್ತೋ. ಈಗಿನ ಕಾರು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ."

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಈ ಶಾಪಿಗೆ ಬಂದದ್ದು ಫೋನ್ ಎತ್ತಿಕೊಳ್ಳಲು, ಕೌಂಟರಿನಲ್ಲಿ ಕೂರಲು. ಆಗಿನ ಮಾಲೀಕ, ದೊಡ್ಡ ಹಾಲ್ಬರ್ಟ್, ಸುತ್ತಮುತ್ತ ಹೆಸರಾದ ಕೆಲಸಗಾರ. ಆದರೆ ಅವರ ಕೈ ನಡುಗಲು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ದಿನ ಶಾಪಿನಲ್ಲಿ ಬೇರೆ ಯಾರೂ ಇಲ್ಲದಾಗ ಗೇಜನ್ನು ವರ್ಲೀನ್ ಕೈಗೆ ಕೊಟ್ಟು "ಮುಳ್ಳು ಎಲ್ಲಿ ನಿಲ್ಲುತ್ತೆ ಓದು" ಎಂದರು. ವರ್ಷ ತಿರುಗುವುದರೊಳಗೆ ಕೊರೆಯುವುದೂ ಉಜ್ಜುವುದೂ ವರ್ಲೀನ್ ಪಾಲಿಗೆ ಬಂತು. ಹೆಣ್ಣೊಬ್ಬಳು ಎಂಜಿನ್ ಮುಟ್ಟುತ್ತಾಳೆಂದರೆ ಗಿರಾಕಿಗಳು ಬರುವುದಿಲ್ಲವೆಂದು, ಕೆಲಸವೆಲ್ಲ ತಮ್ಮದೇ ಎಂದು ಹಾಲ್ಬರ್ಟ್ ಹೇಳಿಕೊಂಡರು. ಹೀಗೆ ಹನ್ನೊಂದು ವರ್ಷ ನಡೆಯಿತು. ಗಿರಾಕಿ ಬಂದರೆ ವರ್ಲೀನ್ ಕೈ ಒರೆಸಿಕೊಂಡು ಕೌಂಟರಿಗೆ ಹೋಗಿ ಕೂರುತ್ತಿದ್ದರು.

ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಮಜ್ಜಿಗೆಯ ಲೋಟಕ್ಕೆ ಜೋಳದ ಬ್ರೆಡ್ಡು ಮುರಿದು ಹಾಕುತ್ತಿದ್ದವರು ಚಮಚ ಕೆಳಗಿಟ್ಟರು. ಅದೇ ಅವರ ನಿತ್ಯದ ತಿಂಡಿ, ಏಳು ಗಂಟೆಗೆ.

"ಬಂದಿತ್ತು. ಈಗಲೂ ಇದೆ, ಸ್ವಲ್ಪ. ಆದ್ರೆ ಸತ್ತ ಮನುಷ್ಯನ ಮೇಲೆ ಎಷ್ಟು ದಿನ ಅಂತ ಇಟ್ಕೊಳ್ಳೋದು. ಕೊನೆಗೆ ಅವರೇ ಒಂದಿನ ಗಿರಾಕಿಗಳ ಮುಂದೆ 'ಇವಳು ಮಾಡಿದ್ದು' ಅಂದ್ರು. ಅವತ್ತು ಇಬ್ಬರು ಬ್ಲಾಕ್ ವಾಪಸ್ ತಗೊಂಡು ಹೋದ್ರು. ಒಬ್ಬ ಉಳಿದ. ಚೆಟ್."

ಅವರ ಮಾತಿನಲ್ಲಿ ಚೆಟ್ ಎಂದರೆ ಚೆಸ್ಟರ್ ಡ್ರೊಜ್ಡ್. ಈಗ ಎಪ್ಪತ್ತೆಂಟು ವರ್ಷ. ಪಕ್ಕದ ಊರಿನ ಕಾರ್ಖಾನೆಯೊಂದರಲ್ಲಿ ತಗಡಿನ ಹಾಳೆಗಳನ್ನು ಒತ್ತಿ ಕಾರಿನ ಬಾಗಿಲು ಮಾಡುವ ಭಾರೀ ಪ್ರೆಸ್ಸುಗಳ ನಡುವೆ ಮೂವತ್ತೊಂದು ವರ್ಷ ದುಡಿದವರು. ೧೯೬೮ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಕಡುಹಸಿರು ಬಣ್ಣದ ಜಿಟಿಒ ಕಾರೊಂದನ್ನು ಹೊಸದಾಗಿ ಕೊಂಡರು. ಅದನ್ನು ಈ ತನಕ ಮಾರಿಲ್ಲ. ಮದುವೆಯಾಗುವ ಮೊದಲು ಬರ್ನಡೆಟ್‌ಳನ್ನು ಆ ಕಾರಿನಲ್ಲೇ ತಿರುಗಾಡಿಸಿದ್ದು, ಮದುವೆಯಾಗಿ ಚರ್ಚಿನಿಂದ ಹೊರಟದ್ದೂ ಅದರಲ್ಲೇ. ಆರು ವರ್ಷದ ಹಿಂದೆ ಬರ್ನಡೆಟ್ ತೀರಿಕೊಂಡರು. ಕಾರಿನ ಎಂಜಿನ್ನನ್ನು ೧೯೯೪ರಲ್ಲಿ ಪೂರ್ತಿ ಬಿಚ್ಚಿ ಹೊಸದು ಮಾಡಿಕೊಟ್ಟವರು ವರ್ಲೀನ್.

ಈ ವರ್ಷದ ಮಾರ್ಚಿನಲ್ಲಿ ಚೆಟ್ ಒಂದು ಬಣ್ಣದ ಪುಸ್ತಿಕೆ ಹಿಡಿದುಕೊಂಡು ಶಾಪಿಗೆ ಬಂದರು. ಅದರಲ್ಲಿದ್ದದ್ದು ಸೂಪರ್‌ಚಾರ್ಜರ್, ಇಲ್ಲಿನವರ ಬಾಯಲ್ಲಿ ಬ್ಲೋವರ್. ಕಮ್ಮಾರನ ತಿದಿ ಕುಲುಮೆಗೆ ಗಾಳಿ ಊದುವಂತೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಹಳೆಯ ಎಂಜಿನ್ನಾದರೆ ಅದನ್ನು ತಡೆದುಕೊಳ್ಳಲು ಒಳಗಿನ ಪಿಸ್ಟನ್ನುಗಳನ್ನೂ ಬದಲಿಸಬೇಕು. ಒಮ್ಮೆ ಬದಲಿಸಿದರೆ ಕಾರು ಮೊದಲಿನದಾಗಿ ಉಳಿಯುವುದಿಲ್ಲ.

"ಗಾಡೀಲಿ ದಮ್ಮಿಲ್ಲ ಕಣೇ ವರ್ಲೀನ್," ಎಂದರಂತೆ ಚೆಟ್. "ಮುದಿಯಾಗಿದೆ, ನನ್ನ ಹಂಗೆ. ಎರಡನೇ ಗೇರಿಂದ ಮೂರಕ್ಕೆ ಹಾಕಿದ್ರೆ ಎದೇಲಿ ಗುಮ್ಮ್ ಅಂತಿತ್ತು. ಬರ್ನಿ ಡ್ಯಾಶ್‌ಬೋರ್ಡ್ ಹಿಡ್ಕೊಂಡು ಕಿರುಚೋಳು. ಈಗ ಹೊಲಿಗೆ ಮಷಿನ್ ಓಡಿಸಿದ ಹಂಗಿದೆ. ಇದನ್ನ ಹಾಕಿಕೊಡು. ಸಾಯೋದ್ರೊಳಗೆ ಇನ್ನೊಂದು ಬೇಸಿಗೆ ಆ ಗಾಡೀನ ಸರಿಯಾಗಿ ಓಡಿಸ್ಬೇಕು."

ವರ್ಲೀನ್ ಮೊದಲು ಎಂಜಿನ್ ಪರೀಕ್ಷಿಸಿದರು. ಎಂಟು ಸಿಲಿಂಡರಿನಲ್ಲೂ ಒತ್ತಡ ಒಂದೇ ಸಮ. ಪೆಟ್ರೋಲು, ಕಿಡಿ, ಗಾಳಿ, ಯಾವುದರಲ್ಲೂ ಶಕ್ತಿ ಕುಂದಿಸುವಂಥ ಕೊರತೆಯಿಲ್ಲ. ಕೊನೆಗೆ, ನೀನೇ ಓಡಿಸು, ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದರು. ಊರ ಹೊರಗಿನ ನೇರ ರಸ್ತೆಯಲ್ಲಿ ಚೆಟ್ ಕಾಲೊತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು ಎನ್ನುತ್ತಾರೆ ವರ್ಲೀನ್. ಅರವತ್ತೆಂಟರಲ್ಲಿ ಜಗಲಿಯ ಮೇಲೆ ಕೂತು ಕೇಳಿದ್ದ ಅದೇ ಗುಡುಗು.

"ನೋಡಿದ್ಯಾ?" ಎಂದರಂತೆ ಚೆಟ್, ನಿಟ್ಟುಸಿರು ಬಿಟ್ಟು. "ಏನೂ ಇಲ್ಲ."

ವರ್ಲೀನ್ ಚೆಟ್‌ರ ಮುಖ ನೋಡಿದರು. ಆಮೇಲೆ ಡ್ಯಾಶ್‌ಬೋರ್ಡ್ ನೋಡಿದರು. ಎರಡು ಮೈಲಿ ಹಿಂದೆ ಎಡಕ್ಕೆ ತಿರುಗುವಾಗ ಹಾಕಿದ್ದ ಇಂಡಿಕೇಟರು ಇನ್ನೂ ಮಿನುಗುತ್ತಿತ್ತು, ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿತ್ತು. ಚೆಟ್‌ಗೆ ಅದು ಕೇಳುತ್ತಿರಲಿಲ್ಲ. ಗೇರು ಬದಲಿಸುವ ಹೊತ್ತು ಮೀರಿ ಎಂಜಿನ್ ಅರಚುತ್ತಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಆಗ ನನಗೆ ಅರ್ಥ ಆಯ್ತು," ಎನ್ನುತ್ತಾರೆ ವರ್ಲೀನ್. "ಗಾಡೀದು ಏನೂ ಹೋಗಿಲ್ಲ. ಹೋಗಿರೋದು ಇವನದು. ಅದನ್ನ ಹೇಳೋರು ಯಾರು?"

ಶಾಪಿನ ಈಗಿನ ಮಾಲೀಕ, ದೊಡ್ಡ ಹಾಲ್ಬರ್ಟರ ಮಗ ಡ್ವೇನ್, ಕೆಟ್ಟವನಲ್ಲ. ಐವತ್ತಾರರ ಮನುಷ್ಯ, ಚಿಕ್ಕಂದಿನಿಂದ ವರ್ಲೀನ್ ಎದುರೇ ಬೆಳೆದವನು. ಚಳಿಗಾಲ ಪೂರ್ತಿ ಶಾಪಿನಲ್ಲಿ ಕೆಲಸ ಕಡಿಮೆಯಿತ್ತು. ಬ್ಲೋವರ್ ಕೂರಿಸುವುದೆಂದರೆ ಎರಡು ತಿಂಗಳ ಕೆಲಸ.

"ಗಿರಾಕಿ ಕೇಳಿದ್ದನ್ನ ಹಾಕಿಕೊಡೋದು ನಮ್ಮ ಕೆಲಸ ಮಿಸ್ ವರ್ಲೀನ್," ಎಂದ. "ನಾವೇನು ಕಿವಿ ಡಾಕ್ಟರಾ?"

"ಹಾಕಿಕೊಟ್ಟ ಮೇಲೂ ಅವನಿಗೆ ಕೇಳಿಸಲ್ಲ ಡ್ವೇನ್. ಆಗ ಇನ್ನೂ ದೊಡ್ಡದು ಹಾಕು ಅಂತಾನೆ. ಇನ್ನಷ್ಟು ಜೋರಾಗಿ ಓಡಿಸ್ತಾನೆ. ಎಂಜಿನ್ ಒಡೆಯುತ್ತೆ. ಇಲ್ಲಾ ಅವನೇ ಎಲ್ಲೋ ಹೋಗಿ ಗುದ್ದುತ್ತಾನೆ."

"ಹಂಗಾದ್ರೆ ಬ್ಲಾಕ್ ತಡೆಯಲ್ಲ ಅಂತ ಹೇಳಿಬಿಡಿ. ಗೋಡೆ ತೆಳ್ಳಗಾಗಿದೆ ಅನ್ನಿ. ಅವರಿಗೂ ಬೇಜಾರಾಗಲ್ಲ, ನಿಮಗೂ ಕಷ್ಟ ಇಲ್ಲ."

ಇದು ವರ್ಲೀನ್‌ಗೆ ಹಿಡಿಸದೇ ಇರಲಿಲ್ಲ. ಡ್ರಾಯರ್ ಎಳೆದು ತೊಂಬತ್ತನಾಲ್ಕರ ಕಾರ್ಡು ಹುಡುಕಿದರು. ಎಲ್ಲಾದರೂ ಒಂದು ಕಡೆ ಗೋಡೆ ತೆಳ್ಳಗಿದ್ದರೆ ಸಾಕು, ಅದನ್ನೇ ತೋರಿಸಿ ಕೈ ತೊಳೆದುಕೊಳ್ಳಬಹುದು ಎಂದು ಆಸೆಯಿಂದಲೇ ನೋಡಿದರಂತೆ. ಕಾರ್ಡಿನಲ್ಲಿ ಅವರದೇ ಅಕ್ಷರ, ಅವರದೇ ಅಂಕಿಗಳು. ಎಂಟೂ ಸಿಲಿಂಡರಿನ ಗೋಡೆ ಬೇಕಾದ್ದಕ್ಕಿಂತ ದಪ್ಪ. ಆ ಬ್ಲಾಕು ಬ್ಲೋವರನ್ನು ಆರಾಮವಾಗಿ ತಡೆದುಕೊಳ್ಳುತ್ತಿತ್ತು.

"ಈ ಡ್ರಾಯರಲ್ಲಿ ಒಂದು ಸುಳ್ಳು ಅಳತೆ ಇಲ್ಲ," ಎನ್ನುತ್ತಾರೆ ಅವರು. ಹೆಮ್ಮೆಯ ದನಿಯಲ್ಲ, ಬೇಸರದ ದನಿ. "ಅವತ್ತು ಒಂದು ಇದ್ದಿದ್ರೆ ಆಗ್ತಿತ್ತು ಅನ್ನಿಸ್ತು."

ಹೇಳುವುದೂ ಸುಲಭವಿರಲಿಲ್ಲ. ಮಾರನೆಯ ದಿನ ಚೆಟ್ ಬಂದಾಗ ಕೌಂಟರಿನಲ್ಲಿ ಡ್ವೇನ್ ಇದ್ದ, ಇನ್ನಿಬ್ಬರು ಗಿರಾಕಿಗಳಿದ್ದರು. ಪಿಸುಗುಟ್ಟಿದರೆ ಚೆಟ್‌ಗೆ ಕೇಳುವುದಿಲ್ಲ. ಕೇಳುವಂತೆ ಹೇಳಿದರೆ ರಸ್ತೆಯವರೆಗೂ ಕೇಳುತ್ತದೆ. ವರ್ಲೀನ್ ಒಂದು ಖಾಲಿ ಕಾರ್ಡು ತೆಗೆದು ಬರೆದರು: ಎಂಜಿನ್ನಿನ ದಮ್ಮು ಕಮ್ಮಿಯಾಗಿಲ್ಲ ಚೆಟ್. ಕಮ್ಮಿಯಾಗಿರೋದು ನಿನ್ನ ಕಿವಿ. ತೋರಿಸಿಕೊ. ಆಮೇಲೂ ಬ್ಲೋವರ್ ಬೇಕು ಅನ್ನಿಸಿದ್ರೆ ನಾನೇ ಹಾಕಿಕೊಡ್ತೀನಿ.

ಚೆಟ್ ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಕಾರ್ಡನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಪುಸ್ತಿಕೆಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಟುಹೋದರು.

ಏಪ್ರಿಲ್ ಕಳೆಯಿತು, ಮೇ ಕಳೆಯಿತು. ಚೆಟ್ ಸುಳಿವಿಲ್ಲ. ಈಸ್ಟರ್‌ಗೆ ಪ್ರತಿ ವರ್ಷ ತಾವೇ ಮಾಡಿ ತಂದುಕೊಡುತ್ತಿದ್ದ ಸಿಹಿ ಬ್ರೆಡ್ಡೂ ಈ ಸಲ ಬರಲಿಲ್ಲ. ಬೇರೆ ಯಾವುದೋ ಶಾಪಿನಲ್ಲಿ ಹಾಕಿಸಿಕೊಂಡಿರುತ್ತಾರೆ ಎಂದು ಡ್ವೇನ್ ಒಂದೆರಡು ಸಲ ಚುಚ್ಚಿದ. "ನಾನೂ ಹಂಗೇ ಅಂದ್ಕೊಂಡೆ," ಎನ್ನುತ್ತಾರೆ ವರ್ಲೀನ್. "ಹೇಳಬಾರದಿತ್ತೇನೋ ಅಂತಲೂ ಅನ್ನಿಸ್ತಿತ್ತು. ಉಳಿದಿದ್ದ ಒಬ್ಬ ಮನುಷ್ಯ ಅವನು. ಅವನನ್ನೂ ಕಳಿಸಿಬಿಟ್ಟೆ."

ಜೂನ್ ಎರಡನೆಯ ವಾರ ಒಂದು ಬೆಳಿಗ್ಗೆ ನಾನು ನನ್ನ ಪಿಕಪ್ಪಿನ ಹೆಡ್ ತೆಗೆದುಕೊಳ್ಳಲು ಹೋದಾಗ ಆ ಹಸಿರು ಕಾರು ಶಾಪಿನ ಮುಂದೆ ಬಂದು ನಿಂತಿತು. ಎಂಜಿನ್ ಆರಿಸದೆಯೇ ಇಳಿದ ಚೆಟ್‌ರ ಎರಡೂ ಕಿವಿಯ ಹಿಂದೆ ಬೂದು ಬಣ್ಣದ ಸಣ್ಣ ಯಂತ್ರಗಳಿದ್ದವು. ನಮಸ್ಕಾರ ಚಮತ್ಕಾರ ಏನಿಲ್ಲ.

"ವರ್ಲೀನ್, ಇದು ಯಾವತ್ತಿಂದ ಚಟ್ ಚಟ್ ಅಂತಿದೆ?"

"ಎರಡು ವರ್ಷದಿಂದ. ಎಡಗಡೆ ಎಗ್ಜಾಸ್ಟಿನ ಗ್ಯಾಸ್ಕೆಟ್ ಸುಟ್ಟಿದೆ."

"ಮತ್ತೆ ಹೇಳಬಾರದಿತ್ತಾ?"

"ಮೂರು ಸಲ ಹೇಳಿದೆ. ಮೂರು ಸಲವೂ ನೀನು ತಲೆ ಆಡಿಸ್ದೆ."

ಡ್ವೇನ್ ನಗು ತಡೆಯಲಾಗದೆ ಒಳಗೆ ಹೋದ. ಚೆಟ್ ಕೂಡ ಒಂದು ಕ್ಷಣ ಬಿಟ್ಟು ನಕ್ಕರು. ಹೊಗೆ ಕೊಳವೆಯ ಸಂದಿ ಮುಚ್ಚುವ ಆ ಗ್ಯಾಸ್ಕೆಟ್ ಬದಲಿಸಲು ಎಂಜಿನ್ ತಣಿಯಬೇಕಿತ್ತು. ಅಷ್ಟು ಹೊತ್ತು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ನಾನೂ ಪಕ್ಕದಲ್ಲಿದ್ದೆ.

"ಕಾರ್ಖಾನೇಲಿ ಕಿವಿಗೆ ಹಾಕ್ಕೊಳ್ಳೋಕೆ ಬಿರಡೆ ಕೊಡ್ತಿದ್ರು," ಎಂದು ಚೆಟ್ ನನಗೆ ಹೇಳಿದರು. "ನಾವೇ ಹಾಕ್ಕೊಳ್ತಿರಲಿಲ್ಲ. ಪಕ್ಕದೋನು ಹೇಳೋ ಜೋಕು ತಪ್ಪಿಹೋಗ್ತಿತ್ತಲ್ಲ." ಆಮೇಲೆ ವರ್ಲೀನ್ ಕಡೆ ತಿರುಗಿದರು. "ಎರಡು ತಿಂಗಳು ನಿನ್ನ ಮೇಲೆ ಹಲ್ಲು ಕಡೀತಾ ಇದ್ದೆ. ಬೇರೆ ಕಡೆ ಹೋಗಿ ಬ್ಲೋವರ್‌ಗೆ ಮುಂಗಡ ಕೊಡೋಣ ಅಂತ ಹೊರಟೂ ಇದ್ದೆ. ಸಿಗ್ನಲ್ಲಲ್ಲಿ ನಿಂತಿದ್ದಾಗ ಪಕ್ಕದ ಹೆಂಗಸು ಕಿಟಕಿ ಇಳಿಸಿ ಏನೋ ಹೇಳಿದ್ಲು. ನಾನು ಥ್ಯಾಂಕ್ಸ್ ಅಂದೆ, ಕಾರು ಚೆನ್ನಾಗಿದೆ ಅಂದ್ಲೇನೋ ಅಂತ. ಅವಳು ಬೆರಳು ತೋರಿಸಿ ಮತ್ತೆ ಹೇಳಿದ್ಲು. ಹಿಂದೆ ಆಂಬುಲೆನ್ಸ್ ನಿಂತಿತ್ತು. ಸೈರನ್ ಹಾಕ್ಕೊಂಡು."

ವರ್ಲೀನ್ ಬೆಂಚಿನ ಮೇಲೆ ಸ್ವಲ್ಪ ಹತ್ತಿರಕ್ಕೆ ಸರಿದು ಕೂತರು.

"ಅಲ್ಲಿಂದ ಸೀದಾ ಡಾಕ್ಟರ ಹತ್ರ ಹೋದೆ. ಇದನ್ನ ಕೊಟ್ರು. ಜನ ಮಾತಾಡೋದು ಕೇಳುತ್ತೆ. ಹಕ್ಕಿ ಕೇಳುತ್ತೆ. ಆದ್ರೆ ಎಂಜಿನ್ ಸದ್ದು ಇದರಲ್ಲಿ ಬಾಣಲೇಲಿ ಜೋಳ ಸಿಡಿದ ಹಂಗೆ ಕೇಳುತ್ತೆ. ಆ ತಳದ ಸದ್ದು, ಆ ಗುಮ್ಮ್ ಅನ್ನೋದು, ವಾಪಸ್ ಬರಲ್ಲವಂತೆ. ಯಾವ ಮಷಿನ್ ಹಾಕಿದ್ರೂ ಬರಲ್ಲವಂತೆ."

ಗ್ಯಾಸ್ಕೆಟ್ ಬದಲಾಯಿತು. ಚೆಟ್ ಎಂಜಿನ್ ಚಾಲೂ ಮಾಡಿ, ಕಿವಿಯ ಯಂತ್ರಗಳೆರಡನ್ನೂ ತೆಗೆದು ಜೇಬಿನಲ್ಲಿಟ್ಟುಕೊಂಡು ಇಳಿದರು. ಮುಂದಿನ ಚಕ್ರದ ಮೇಲಿನ ತಗಡಿನ ಮೇಲೆ ಎರಡೂ ಅಂಗೈ ಊರಿ ನಿಂತರು. ಡ್ವೇನ್ ಕೂತು ನಿಧಾನಕ್ಕೆ ಕಾಲೊತ್ತಿದ. ತಗಡು ನಡುಗಿತು, ಚೆಟ್‌ರ ಮೊಣಕೈ ನಡುಗಿತು.

"ನಿನಗೆ ಕೇಳುತ್ತಲ್ವಾ," ಎಂದರು ಚೆಟ್, ವರ್ಲೀನ್ ತುಟಿಗಳನ್ನೇ ನೋಡುತ್ತ. "ಹೆಂಗಿದೆ ಹೇಳು."

ವರ್ಲೀನ್ ಕಾರಿಗೆ ಬೆನ್ನು ಹಾಕಿ ನಿಂತು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಕೆಳಗಡೆ ಗುಡುಗಿದೆ. ದೂರದ್ದಲ್ಲ, ಹತ್ತಿರದ್ದು. ಮೇಲೆ ಹೋದಂಗೆ ಬಟ್ಟೆ ಹರಿದ ಹಂಗೆ ಚರ್ರ್ ಅನ್ನುತ್ತೆ. ಕಾಲು ಬಿಟ್ಟಾಗ ಎರಡು ಸಲ ಗೊಣಗಿ ಸುಮ್ಮನಾಗುತ್ತೆ. ನಾನು ಹದಿನೈದು ವರ್ಷದೋಳಿದ್ದಾಗ ಹೆಂಗಿತ್ತೋ ಹಂಗೇ ಇದೆ ಚೆಟ್."

"ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಸಮಾಧಾನಕ್ಕೆ ಹೇಳೋದಾಗಿದ್ರೆ ಮಾರ್ಚಲ್ಲೇ ಹೇಳ್ತಿದ್ದೆ."

ಚೆಟ್ ಒಪ್ಪಿಕೊಂಡರು. ತಗಡಿನ ಮೇಲಿನ ಕೈಯನ್ನು ಮಾತ್ರ ತುಂಬಾ ಹೊತ್ತು ತೆಗೆಯಲಿಲ್ಲ. ಬ್ಲೋವರ್ ಮಾತು ಮತ್ತೆ ಬರಲಿಲ್ಲ. ಈಗ ಅವರು ಎಂಜಿನ್ ವೇಗ ತೋರಿಸುವ ಮುಳ್ಳು ನೋಡಿಕೊಂಡು ಗೇರು ಬದಲಿಸುತ್ತಾರೆ, ಊರೊಳಗೆ ಓಡಿಸುವಾಗ ಕಿವಿಯ ಯಂತ್ರ ತೆಗೆಯುವುದಿಲ್ಲ ಎಂದು ವರ್ಲೀನ್‌ಗೆ ಮಾತು ಕೊಟ್ಟಿದ್ದಾರೆ. ವರ್ಲೀನ್ ಪ್ರಕಾರ ಆ ಮಾತನ್ನು ಅರ್ಧದಷ್ಟು ಉಳಿಸಿಕೊಂಡಿದ್ದಾರೆ. ಡ್ವೇನ್‌ಗೆ ಎರಡು ತಿಂಗಳ ಕೆಲಸದ ಬದಲು ಒಂದು ಗ್ಯಾಸ್ಕೆಟ್ ಸಿಕ್ಕಿತು. ಅದನ್ನು ಈಗಲೂ ಆಗಾಗ ಹೇಳಿ ತೋರಿಸುತ್ತಾನೆ.

ನಾನು ಇದನ್ನು ಬರೆಯುತ್ತೇನೆ ಎಂದಾಗ ವರ್ಲೀನ್‌ಗೆ ಅಷ್ಟೇನೂ ಇಷ್ಟವಾಗಲಿಲ್ಲ. ಫೋಟೋ ಬೇಡ ಎಂದರು, ಆಮೇಲೆ ಕೈಯದು ಬೇಕಾದರೆ ತೆಗೆದುಕೋ ಎಂದರು. ಮುಂದಿನ ವರ್ಷ ಐವತ್ತು ತುಂಬುತ್ತದೆ. ಆಮೇಲೆ ಬಿಡುತ್ತೀರಾ ಎಂದು ಕೇಳಿದರೆ ಬೆರಳು ಹೇಳಿದಾಗ ಬಿಡುತ್ತೇನೆ ಎನ್ನುತ್ತಾರೆ. ಇಷ್ಟು ವರ್ಷ ದುಡಿದದ್ದಕ್ಕೆ ಏನಾದರೂ ಬೇಕು ಅನ್ನಿಸುತ್ತದೆಯೇ, ಒಂದು ಹೆಸರು, ಒಂದು ಸನ್ಮಾನ? ಅವರು ಗೇಜನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಡುತ್ತಾರೆ.

"ನಾನು ಕೊರೆದ ಬ್ಲಾಕು ಚೆನ್ನಾಗಿ ನೋಡ್ಕೊಂಡ್ರೆ ಮೂವತ್ತು ವರ್ಷ ಓಡುತ್ತೆ. ಆಮೇಲೆ ಎಲ್ಲೋ ಯಾರೋ ಬಿಚ್ಚುತ್ತಾರೆ. ಆಗ ನಾನಿರಲ್ಲ. ಅವರು ಗೇಜು ಇಳಿಸ್ತಾರೆ, ಮುಳ್ಳು ನೋಡ್ತಾರೆ. ಪಕ್ಕದೋರ ಹತ್ರ 'ಯಾರೋ ನೀಟಾಗಿ ಮಾಡಿದಾರೆ ನೋಡು' ಅಂದ್ರೆ ಸಾಕು ಕಂದಾ. ಯಾರು ಅಂತ ಗೊತ್ತಾಗಬೇಕಾಗಿಲ್ಲ."